ಅಪ್ಪ, ಆ ಬಾಟಲಿ ತರಲ್ಲ

ಲೊಗ್ರೋನ್ಯೊ, ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ನಾನು ಕ್ಷೇಮ. ಅಮ್ಮ, ಅಜ್ಜಿಗೂ ನಮಸ್ಕಾರ.

ಅಮ್ಮ ಅಕ್ಕನ ಕೈಲಿ ಬರೆಸಿದ ಕಾಗದ ಬಂತು. ಸ್ಟೆಂಟ್ ಹಾಕಿಸಿಕೊಂಡು ಇನ್ನೂ ಮೂರು ತಿಂಗಳಾಗಿಲ್ಲ, ಆಗಲೇ ಕಾಯಿ ನೋಡೋಕೆ ಅಟ್ಟ ಹತ್ತಿದ್ರಂತೆ. ಅದು ಸಾಲದು ಅಂತ ಶೆಟ್ಟರ ಉಪದೇಶ ಬೇರೆ. ಕೆಂಪು ವೈನ್ ಹಾರ್ಟಿಗೆ ಒಳ್ಳೇದು, ಮಗ ಸ್ಪೇನಲ್ಲೇ ಇದ್ದಾನಲ್ಲ, ತರಿಸಿ ಅಂತ. ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ ನೀವು. ಅಮ್ಮನಿಗೆ ಎರಡು ರಾತ್ರಿ ನಿದ್ದೆ ಇಲ್ಲವಂತೆ.

ಬಾಟಲಿ ಇರೋದು ನಿಜ. ನಮ್ಮ ಫ್ಯಾಕ್ಟರಿಯ ಮೇಸ್ತ್ರಿ ರಿಟೈರ್ ಆಗುವಾಗ ಕೊಟ್ಟರು. ಈ ರಿಯೋಹಾ ಸೀಮೆಯ ಕೆಂಪು ವೈನ್, ಗ್ರಾನ್ ರೆಸೆರ್ವಾ ಅನ್ನೋ ಬಗೆ, 2010ರದ್ದು. ಆ ವರ್ಷದ ಬೆಳೆಗೆ ಇಲ್ಲಿನ ವೈನ್ ಮಂಡಳಿ 'ಅತ್ಯುತ್ತಮ' ಅಂತ ದರ್ಜೆ ಕೊಟ್ಟಿದೆ. ಎಲ್ಲ ವರ್ಷಕ್ಕೂ ಕೊಡಲ್ಲ. ಗ್ರಾನ್ ರೆಸೆರ್ವಾ ಅನ್ನಿಸಿಕೊಳ್ಳಬೇಕಾದರೆ ಒಟ್ಟು 5 ವರ್ಷ ಕಾಯಬೇಕು, ಅದರಲ್ಲಿ ಕನಿಷ್ಠ 2 ವರ್ಷ ಓಕ್ ಮರದ ಪೀಪಾಯಿಯಲ್ಲಿ. ಒಂದು ಪೀಪಾಯಿ 225 ಲೀಟರ್ ಹಿಡಿಯುತ್ತೆ.

ಹೋದ ಶನಿವಾರ ಆ ಮೇಸ್ತ್ರಿಯೇ ಇಲ್ಲಿನ 'ಆರೋ' (Haro) ಅನ್ನೋ ಊರಿಗೆ ಕರೆದುಕೊಂಡು ಹೋಗಿದ್ದರು. ರೈಲ್ವೆ ಸ್ಟೇಷನ್ ಸುತ್ತ ಬರೀ ವೈನ್ ಮನೆಗಳು. 1877ರಲ್ಲಿ ಶುರುವಾದ ಲೋಪೆಸ್ ದೆ ಎರೆದಿಯಾ ಅಂತ ಒಂದಿದೆ. ಅದರ ನೆಲಮಾಳಿಗೆಯಲ್ಲಿ ಬಾಟಲಿಗಳ ಮೇಲೆಲ್ಲ ಜೇಡರ ಬಲೆ, ಬೂಷ್ಟು. ಅಮ್ಮ ನೋಡಿದ್ದರೆ ಪೊರಕೆ ಹುಡುಕುತ್ತಿದ್ದಳು. ಬೇಕಂತಲೇ ಬಿಟ್ಟಿದ್ದಾರೆ. ಬಿರಡೆ ಕೊರೆಯುವ ಹುಳುಗಳನ್ನು ಜೇಡ ತಿಂದು ಹಾಕುತ್ತೆ. ಇಲ್ಲಿಯ ಹಳೇ ಮನೆಗಳಲ್ಲಿ ಪೀಪಾಯಿಯಿಂದ ಪೀಪಾಯಿಗೆ ವೈನ್ ಬಗ್ಗಿಸುವಾಗ ಗಷ್ಟು ಬಂತಾ ಅಂತ ಗ್ಲಾಸನ್ನು ಮೇಣದಬತ್ತಿಗೆ ಹಿಡಿದು ನೋಡ್ತಾರೆ. ನೀವು ಕೊಬ್ಬರಿಯಾಗೋ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗಡಗಡ ಅಂದರೆ ಆಯ್ತು ಅಂತೀರಲ್ಲ, ಹಾಗೇ.

ಇನ್ನೊಂದು ವಿಷಯ. ಒಂದು ಗುಟುಕು ಕೊಟ್ಟರು. ಕುಡಿಯುವ ಮೊದಲೇ ಮೂಗಿಗೆ ನಮ್ಮ ತಿಪಟೂರಿನ ಅಟ್ಟದ ಕೊಬ್ಬರಿ ವಾಸನೆ ಬಡೀತು! ಅಮೆರಿಕದ ಓಕಿನಿಂದ ಬರೋ ವಾಸನೆಯಂತೆ. ಅಲ್ಲೇ ನಿಂತುಬಿಟ್ಟೆ ಸ್ವಲ್ಪ ಹೊತ್ತು. ಏನಾಯ್ತು ಅಂತ ಮೇಸ್ತ್ರಿ ಕೇಳಿದರು. ಅವರಿಗೆ ಏನಂತ ಹೇಳೋದು?

ಆದರೆ ಅಪ್ಪ, ನಿಮಗೆ ತರಲ್ಲ. ಅದರಲ್ಲಿ ಸುಮಾರು ಶೇಕಡ 13.5 ಆಲ್ಕೋಹಾಲ್. ಬಿಪಿ ಏರುತ್ತೆ. ಮೇಲಾಗಿ ನೀವು ರಕ್ತ ತೆಳುವಾಗೋ ಮಾತ್ರೆ ತಗೋತಿದ್ದೀರಿ, ಅದರ ಜೊತೆ ಕುಡಿದರೆ ರಕ್ತಸ್ರಾವದ ಭಯ. ಕುಡಿಯದವರು ಹೃದಯಕ್ಕೆ ಅಂತ ಶುರು ಮಾಡಬೇಡಿ ಅಂತಲೇ ಡಾಕ್ಟರುಗಳು ಹೇಳೋದು. ಶೆಟ್ಟರೇನು ಡಾಕ್ಟರಾ? ಇಷ್ಟಕ್ಕೂ ಒಪ್ಪದಿದ್ದರೆ ಇದನ್ನು ಕೇಳಿ. ಹಳೇ ಪದ್ಧತಿಯಲ್ಲಿ ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ ಹಾಕ್ತಾರೆ. ಕೇಕಿಗೆ ಮೊಟ್ಟೆ ಹಾಕಿದ್ದಾರಾ ಅಂತ ಬೇಕರಿಯವನನ್ನು ಮೂರು ಸಲ ಕೇಳೋರು ನೀವು. ಅಮ್ಮನಿಗೆ ಇದನ್ನು ಓದಿ ಹೇಳಬೇಡಿ, ನಾನು ಕುಡಿದದ್ದೂ ಗೊತ್ತಾಗುತ್ತೆ.

ನನ್ನ ಬಗ್ಗೆ ಯೋಚನೆ ಬೇಡ. ಒಂದೇ ಗುಟುಕು. ಆಮೇಲೆ ಇನ್ನರ್ಧ. ಅಷ್ಟೇ, ದೇವರಾಣೆ. ಊಟ ಚೆನ್ನಾಗಿದೆ, ಚಳಿ ಏನೂ ಇಲ್ಲ, ಕೆಮ್ಮೂ ಹೋಯ್ತು. ಬಾಟಲಿ ಬೀರುವಿನಲ್ಲಿ ಮಲಗಿದೆ, ಬಿರಡೆ ಹಾಗೇ ಇದೆ.

ಅಟ್ಟ ಹತ್ತಬೇಡಿ, ಕಾಯಿ ಇಳಿಸೋಕೆ ಮಂಜನನ್ನು ಕರೆಯಿರಿ, ಕೂಲಿ ನಾನು ಕಳಿಸ್ತೀನಿ. ಮುಂದಿನ ಚೆಕಪ್ ರಿಪೋರ್ಟನ್ನು ಅಕ್ಕನ ಕೈಲಿ ಫೋಟೋ ತೆಗೆಸಿ ಕಳಿಸಿ. ರಾತ್ರಿ ಮಾತ್ರೆ ಮರೀಬೇಡಿ. ಬಟ್ಟೆ ಒಗೆಯೋ ಅಂಗಡಿ ಮುಚ್ಚುತ್ತೆ, ಓಡಬೇಕು.

ನಿಮ್ಮ ಮಗ,
ರವಿ