ಯಾವ ತೋಟದ ರೈಟರ್?

ನಾಪೋಕ್ಲು ಹತ್ತಿರ,
ಮಾರ್ಚ್ ಕೊನೆ

ಮಗಳೇ,

ನಿನ್ನ ಕಥೆಗಳ ಕಟ್ಟು ಬಂದು ಎರಡು ತಿಂಗಳಾಯ್ತು. ಕಾಫಿ ಕೊಯ್ಲು ಮುಗಿಯದೆ ಓದುವ ಹಾಗಿರಲಿಲ್ಲ. ಆಮೇಲೆ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟಿತು ಅಂತ ಕೆರೆಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾಕಿಸುವ ಗಡಿಬಿಡಿ. ಮೊನ್ನೆ ರಾತ್ರಿ ಕೂತು ಏಳೂ ಕಥೆ ಓದಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. ಕಥೆಗಿಂತ ಕಾಗದವೇ ಉದ್ದ!

ಮೊದಲು ಒಂದು ಮಾತು. ನನ್ನನ್ನು ‘ಸರ್’ ಅನ್ನಬೇಡ. 31 ವರ್ಷ ತೋಟದಲ್ಲಿ ರೈಟರ್ ಆಗಿದ್ದವನು ನಾನು. ಎಲ್ಲರೂ ‘ರೈಟ್ರೇ’ ಅಂತಿದ್ದರು, ನೀನೂ ಹಾಗೇ ಕರಿ. ನೀನು ವಿರಾಜಪೇಟೆಯವಳು, ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ನನ್ನ ಮೊದಲ ಪುಸ್ತಕ ಬಂದಾಗ ಮೈಸೂರಿನ ಸಭೆಯೊಂದರಲ್ಲಿ ‘ಇವರು ಕೊಡಗಿನ ರೈಟರ್’ ಅಂತ ಪರಿಚಯ ಮಾಡಿಕೊಟ್ಟರು. ಅಲ್ಲಿದ್ದ ನಮ್ಮ ಕಡೆಯವರೊಬ್ಬರು ಆಮೇಲೆ ಬಂದು ಕೇಳಿದರು: ‘ಯಾವ ತೋಟದಲ್ಲಿ?’ ಅಷ್ಟು ಸರಿಯಾದ ಪ್ರಶ್ನೆಯನ್ನು ಇವತ್ತಿನವರೆಗೆ ಯಾವ ವಿಮರ್ಶಕನೂ ಕೇಳಿಲ್ಲ.

ಬರೆಯುವುದಕ್ಕಾಗಿ ಆಫೀಸಿನ ಕೆಲಸ ಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಎಷ್ಟು ಗಂಟೆಗೆ ಏಳಬೇಕು, ದಿನಕ್ಕೆ ಎಷ್ಟು ಪುಟ, ಮೊಬೈಲ್ ಎಲ್ಲಿಡಬೇಕು, ಇದೆಲ್ಲ ನೀನೇ ನೋಡಿಕೋ. ಅದಕ್ಕೆ ನಾನು ಬೇಕಾ? ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಕೆಲಸ ಮಾಡಿಕೊಂಡೇ ಕೊಡವರ ಹಾಡುಗಳನ್ನು ಕೂಡಿಹಾಕಿದರು, 1924ರಲ್ಲಿ ಪುಸ್ತಕವಾಯ್ತು. ಭಾರತೀಸುತ ಮೇಷ್ಟ್ರಾಗಿದ್ದುಕೊಂಡೇ ಕಾದಂಬರಿ ಬರೆದರು. ಕೊಡಗಿನ ಗೌರಮ್ಮ ಶುಂಠಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಸಂಸಾರ, ಟೆನಿಸ್, ಈಜು ಎಲ್ಲ ಇಟ್ಟುಕೊಂಡು ಬರೆದರು. 1939ರಲ್ಲಿ ನೀರಿನಲ್ಲಿ ಮುಳುಗಿ ಹೋದಾಗ ಆಕೆಗೆ ಬರೀ 27. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಉಪವಾಸ ಕೂತು ಅವರನ್ನು ಮನೆಗೆ ಕರೆಸಿದ್ದು, ಒಡವೆ ಬಿಚ್ಚಿಕೊಟ್ಟಿದ್ದು ಎಲ್ಲರ ಬಾಯಲ್ಲೂ ಇದೆ. ಮನೆಗೆಲಸ ಮುಗಿಸಿ ಎಷ್ಟು ಹೊತ್ತಿಗೆ ಪೆನ್ನು ಹಿಡಿಯುತ್ತಿದ್ದರು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ನೋಡು, ಹೊರಗಿನವರಿಗೆ ಬೇಕಾದ್ದು ಬೇರೆ.

ನಿನ್ನ ಕಾಗದದಲ್ಲಿ ನನ್ನನ್ನು ಕಾಡಿದ್ದು ಅದೇ. ಚಿಕ್ಕಪ್ಪನ ಮಗ ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟ್ ತಗೊಂಡ. ಗೆಳತಿಯ ಪುಸ್ತಕ ಎರಡನೇ ಮುದ್ರಣಕ್ಕೆ ಹೋಯ್ತು. ಹುತ್ತರಿ ಹಬ್ಬಕ್ಕೆ ಊರಿಗೆ ಬಂದರೆ ಹೊಸ ಭತ್ತದ ಕದಿರು ಮನೆಯೊಳಗೆ ಬರುವ ಮೊದಲೇ ಮದುವೆ ಮಾತು. ‘ಎಲ್ಲರೂ ನನ್ನನ್ನು ತಕ್ಕಡಿಗೆ ಹಾಕುತ್ತಿದ್ದಾರೆ’ ಅಂತ ಬರೆದಿದ್ದೀಯ. ತಕ್ಕಡಿ ಹಿಡಿದಿದ್ದವನು ಹೇಳುತ್ತೇನೆ, ಕೇಳು.

ಸಂಜೆ ನಾಲ್ಕೂವರೆಗೆ ಆಳುಗಳು ಚೀಲ ಹೊತ್ತು ಬರುತ್ತಿದ್ದರು. ತೂಗಿ ಬರೆಯುವುದು ನನ್ನ ಕೆಲಸ. ಒಬ್ಬನದು 120 ಕಿಲೋ, ಇನ್ನೊಬ್ಬಳದು 90. ಬುಡದಲ್ಲಿ ಕಲ್ಲಿಟ್ಟ ಚೀಲವೂ ಇರುತ್ತಿತ್ತು, ಅರ್ಧ ಎಲೆಯೇ ತುಂಬಿದ್ದೂ ಇರುತ್ತಿತ್ತು. ಒಬ್ಬಳಿದ್ದಳು, ಯಾವತ್ತೂ 50 ದಾಟಿಸಲಿಲ್ಲ. ಅವಳ ಚೀಲ ಸುರಿದರೆ ಒಂದು ಹಸಿರು ಕಾಯಿ ಸಿಗುತ್ತಿರಲಿಲ್ಲ. ರೆಂಬೆ ಹಿಡಿದು ಜಗ್ಗಿ ಉದುರಿಸುವವಳಲ್ಲ, ಹಣ್ಣು ನೋಡಿ ಬಿಡಿಸುವವಳು. ಅವಳು ಕೊಯ್ದ ಸಾಲಿನಲ್ಲಿ ಮುಂದಿನ ವರ್ಷದ ಮೊಗ್ಗು ಹಾಗೇ ಉಳಿದಿರುತ್ತಿತ್ತು. ನನ್ನ ಪುಸ್ತಕದಲ್ಲಿ ಅದಕ್ಕೆ ಕಲಂ ಇರಲಿಲ್ಲ. 50 ಅಂತ ಬರೆದೆ, 50ಕ್ಕೆ ಕೂಲಿ ಕೊಟ್ಟೆ. ಮೂರನೇ ವರ್ಷ ಅವಳು ಬರಲಿಲ್ಲ. ಇದರಲ್ಲಿ ನೀತಿ ಹುಡುಕಬೇಡ. ನಾನು ಮಾಡಿದ ತಪ್ಪು, ಅಷ್ಟೇ.

ಇಷ್ಟೆಲ್ಲ ತೂಗಿದವನು ನನ್ನನ್ನು ತೂಗಿಸಿಕೊಳ್ಳಲು ಮಾತ್ರ ಬೇರೆಯವರ ಹತ್ತಿರ ಹೋದೆ. ಮೊದಲ ಪುಸ್ತಕ ಓದಿದ ದೊಡ್ಡವರೊಬ್ಬರು ‘ಕಥೆಗಳು ಲೆಕ್ಕದ ಪುಸ್ತಕದ ಹಾಗಿವೆ’ ಅಂದರು. ಅವರು ಈಗಿಲ್ಲ. ಆದರೂ ಆ ಮಾತಿಗೆ ಇವತ್ತೂ ಸಿಟ್ಟು ಬರುತ್ತದೆ. ಅದು ಹೊಗಳಿಕೆ ಅಂತ ತಿಳಿಯುವಷ್ಟು ಬುದ್ಧಿ ನನಗಾಗ ಇರಲಿಲ್ಲ. ಎಂಟು ವರ್ಷ ಭಾರೀ ಭಾರೀ ಮಾತು ಹುಡುಕಿ ಹುಡುಕಿ ಬರೆದೆ. ಬುಡದಲ್ಲಿ ಕಲ್ಲಿಟ್ಟ ಚೀಲ ಅಂದೆನಲ್ಲ, ಅದೇ. ಆ ಪುಸ್ತಕಕ್ಕೇ ಸನ್ಮಾನ ಬಂತು!

1996ರ ಜನವರಿ. ನಮ್ಮ ಎರಡು ಎಕರೆಯ ರೊಬಸ್ಟಾ ಕೊಯ್ದು ಕಣದಲ್ಲಿ ಹರಡಿತ್ತು. ಬೆಳಿಗ್ಗೆಯೇ ಮೋಡ. ‘ಇವತ್ತು ಹೋಗಲೇಬೇಕಾ?’ ಅಂದಳು ನನ್ನಾಕೆ. ಜನವರಿಯಲ್ಲಿ ಎಂಥ ಮಳೆ ಅಂತ ಬಸ್ಸು ಹತ್ತಿದೆ. ಮುಖ್ಯ ಅತಿಥಿ ಮೂರು ಗಂಟೆ ತಡವಾಗಿ ಬಂದರು, ನನ್ನ ಹೆಸರನ್ನೂ ತಪ್ಪು ಹೇಳಿದರು. ಶಾಲು, ಹಾರ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಎಲ್ಲ ಹೊತ್ತು ರಾತ್ರಿ ಮನೆಗೆ ಬಂದರೆ ಅಂಗಳದ ತುಂಬ ಕೆಸರು. ಟಾರ್ಪಾಲು ಎಳೆಯುವಾಗ ಜಾರಿ ಬಿದ್ದು ಅವಳ ಬಲಗೈ ಮಣಿಕಟ್ಟು ಮುರಿದಿತ್ತು. ಪಕ್ಕದ ಮನೆಯವರೇ ಜೀಪಿನಲ್ಲಿ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿಕೊಂಡು ಬಂದಿದ್ದರು. ಅವಳು ಬೈಯಲಿಲ್ಲ. ‘ಮುಕ್ಕಾಲು ಮುಚ್ಚಿದೆ, ಕಾಲು ಭಾಗ ನೆನೆಯಿತು’ ಅಂತ ನನಗೆ ಲೆಕ್ಕ ಒಪ್ಪಿಸಿದಳು. ಮಾಲೀಕನಿಗೆ ರೈಟರ್ ಒಪ್ಪಿಸುವ ಹಾಗೆ. ನಾನು ಶಾಲು ಹೊದ್ದುಕೊಂಡೇ ನಿಂತಿದ್ದೆ. ಚಳಿ ಇತ್ತಲ್ವಾ.

ಆಮೇಲೂ ಶಾಲುಗಳು ಬಂದವು. ಕರಿಮೆಣಸಿನ ಚೀಲದ ಮೇಲೆ ಹೊದಿಸಲು ಚೆನ್ನಾಗಿವೆ.

ಇನ್ನು ನಿನ್ನ ಕಥೆಗಳು. ಕೊನೆಯ ಮೂರನ್ನು ಒಲೆಗೆ ಹಾಕು. ಮೂರರಲ್ಲೂ ಹುಡುಗಿ ಬೆಂಗಳೂರಿನ ಕೆಲಸ ಬಿಡುತ್ತಾಳೆ, ಕೊಡಗಿಗೆ ಬರುತ್ತಾಳೆ, ಮಂಜು ನೋಡುತ್ತಾಳೆ, ಶಾಂತಿ ಸಿಗುತ್ತದೆ. ಯಾರಿಗೆ ಸಿಕ್ಕಿದೆ ಇಲ್ಲಿ ಶಾಂತಿ? 2018ರ ಆಗಸ್ಟಿನಲ್ಲಿ ಗುಡ್ಡ ಮನೆಗಳ ಮೇಲೇ ಬಂದು ಕೂತಿತು. ಕೊಯ್ಲಿಗೆ ಆಳಿಲ್ಲ, ಆನೆ ಬೇಲಿ ಮುರಿದು ಬರುತ್ತದೆ. ನೀನು ಬರೆದದ್ದು ಹೋಂಸ್ಟೇ ಬೋರ್ಡು. ಇಲ್ಲೇ ಹುಟ್ಟಿ ಬೆಳೆದವಳು ಹೀಗೆ ಬರೆದರೆ ಹೇಗೆ? ನಿನಗೆ ಶಾಂತಿ ಬೇಕಾಗಿದೆ ಅಂತ ಅನ್ನಿಸಲಿಲ್ಲ ನನಗೆ. ಚಿಕ್ಕಪ್ಪನ ಮನೆಯವರಿಗೆ ಉತ್ತರ ಕೊಡಬೇಕಾಗಿದೆ, ಅಷ್ಟೇ. ಅವರು ನಿನ್ನ ಕಥೆ ಓದುವುದಿಲ್ಲ ಮಗಳೇ.

ಎರಡನೇ ಕಥೆ ಬೇರೆ. ರಾತ್ರಿ ಹನ್ನೊಂದು ಗಂಟೆಗೆ ಅಪ್ಪ ಕಾಫಿ ಚೀಲ ಹೊಲಿಯುತ್ತಿದ್ದಾನೆ. ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದಾಳೆ. ದಬ್ಬಣ ಗೋಣಿಯೊಳಗೆ ಹೋಗುವ ಸದ್ದು ಆ ಕಡೆಯವರಿಗೆ ಕೇಳಿಸಬಾರದು ಅಂತ ಮೈಕ್ ಆಫ್ ಮಾಡುತ್ತಾಳೆ. ಅಪ್ಪ ಅದನ್ನು ನೋಡುತ್ತಾನೆ, ಹೊಲಿಗೆ ನಿಧಾನ ಮಾಡುತ್ತಾನೆ. ಆ ಪುಟವನ್ನು ಎರಡು ಸಲ ಓದಿದೆ. ಆಮೇಲೆ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಆಫೀಸು, ಮನೆ ಎರಡೂ ಅಲ್ಲೇ ಇವೆ, ಒಂದೇ ದೀಪದ ಕೆಳಗೆ. ಕೆಲಸ ಬಿಟ್ಟಿದ್ದರೆ ಆ ಪುಟ ಎಲ್ಲಿಂದ ತರುತ್ತಿದ್ದೆ? ಅದಕ್ಕೆ ಬಹುಮಾನ ಬರುತ್ತದಾ ಅಂತ ಮಾತ್ರ ಕೇಳಬೇಡ, ಸಿಟ್ಟು ಬರುತ್ತದೆ.

ಕಟ್ಟನ್ನು ನಾಳೆ ಬಸ್ಸಿಗೆ ಹಾಕುತ್ತೇನೆ. ಜೂನ್ ಒಳಗೆ ತಿದ್ದಿ ಕಳಿಸು. ಆಮೇಲೆ ಮಳೆ, ಕರೆಂಟು ಇರುವುದಿಲ್ಲ, ನನ್ನ ಕಣ್ಣೂ ಅಷ್ಟಕ್ಕಷ್ಟೇ.

ನಿನ್ನ ಎರಡನೇ ಕಥೆಯನ್ನು ನನ್ನಾಕೆಯೂ ಓದಿದಳು. ನನ್ನ ಪುಸ್ತಕ ಒಂದನ್ನೂ ಕೊನೆಯವರೆಗೆ ಓದದವಳು! ರೈಟರ್ ಆಗಿದ್ದ ನನಗೇ ಕಾಣದ ತಪ್ಪು ಅವಳಿಗೆ ಕಂಡಿದೆ. ನಿನ್ನ ಅಪ್ಪ ಚೀಲದ ಮೂಲೆಗಳಿಗೆ ಕಿವಿ ಬಿಡದೆ ಹೊಲಿದುಬಿಟ್ಟಿದ್ದಾನಂತೆ. ‘ಎತ್ತುವವನು ಎಲ್ಲಿ ಹಿಡಿಯಬೇಕು, ಕೇಳಿ ಅವಳನ್ನ’ ಅಂದಳು.

ಇಂತಿ,
ರೈಟ್ರು