ಚಳಿಗೆ ಹೊತ್ತಿದ ದೀಪವೆಂದು ಕಡೆಗಣಿಸದಿರಿ

ಮಾನ್ಯ ಸಂಪಾದಕರೇ,

ಹಿಮ ಹೆಪ್ಪುಗಟ್ಟುವ ಚಳಿಯ ಬೆಳಿಗ್ಗೆ ಕಾರು ಚಾಲೂ ಮಾಡಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡು, ಸ್ವಲ್ಪ ದೂರ ಓಡಿಸಿದ ಮೇಲೆ ತಾನಾಗಿಯೇ ಆರಿಹೋಗುವುದು ಅನೇಕ ಚಾಲಕರ ಅನುಭವ. ‘ಚಳಿಗೆ ಹಾಗೆಲ್ಲ ಆಗುತ್ತದೆ, ಬಿಡಿ’ ಎಂಬ ಸಮಾಧಾನವೂ ಅಷ್ಟೇ ಸಾಮಾನ್ಯ. ದೀಪ ಹೊತ್ತಲು ಚಳಿ ಕಾರಣವಾಗಿರಬಹುದು. ಹಾಗೆಂದು ಅದು ತೋರಿಸಿದ್ದು ಸುಳ್ಳಾಗುವುದಿಲ್ಲ.

ಟೈರಿನಲ್ಲಿ ಗಾಳಿ ಕಡಿಮೆಯಾದಾಗ ಹೊತ್ತುವ ದೀಪವನ್ನೇ ನೋಡಿ. ಉಷ್ಣಾಂಶ 5.5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಟೈರಿನ ಒತ್ತಡ ಅಳೆಯುವ ಮಾನ) ತಗ್ಗುತ್ತದೆ. 20 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿಸಿದ ಟೈರು, ಮೈನಸ್ 10 ಡಿಗ್ರಿಯ ರಾತ್ರಿಯನ್ನು ಹೊರಗೆ ಕಳೆದರೆ 27ರ ಆಸುಪಾಸಿಗೆ ಬಂದಿರುತ್ತದೆ. ಕಾರು ಓಡಿದಂತೆ ಟೈರು ಬಿಸಿಯಾಗಿ ಒತ್ತಡ ಏರುವುದರಿಂದ ದೀಪ ಆರಬಹುದು. ಆದರೆ ಕಾರಿನ ಬಾಗಿಲ ಬಳಿಯ ಚೀಟಿಯಲ್ಲಿ ನಮೂದಿಸಿರುವುದು ತಣ್ಣಗಿರುವ ಟೈರಿನ ಒತ್ತಡವಾದ್ದರಿಂದ, ಆರಿದ ದೀಪವನ್ನು ನಂಬಿ ಗಾಳಿ ತುಂಬಿಸದೆ ಬಿಡುವುದು ತಪ್ಪು. ನಾಲ್ಕೂ ಟೈರುಗಳು ಒಂದೇ ಸಮ ತಗ್ಗಿದ್ದರೆ ಅದು ಚಳಿಯ ಕೆಲಸವೆನ್ನಬಹುದು. ಒಂದು ಮಾತ್ರ ಹೆಚ್ಚು ತಗ್ಗಿದ್ದರೆ ಎಲ್ಲೋ ಗಾಳಿ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು.

ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ಕಾಯುವ ಎಬಿಎಸ್ ವ್ಯವಸ್ಥೆಯ ದೀಪದ ಮಾತು ಇನ್ನೂ ಗಂಭೀರವಾದದ್ದು. ಚಕ್ರದ ಬಳಿಯಿರುವ ಸೆನ್ಸರಿಗೆ ಹಿಮ ಮೆತ್ತಿಕೊಂಡು ಈ ದೀಪ ಹೊತ್ತಬಹುದು, ಹಿಮ ಕರಗಿದ ಮೇಲೆ ಆರಲೂಬಹುದು. ದೀಪ ಉರಿಯುತ್ತಿರುವಷ್ಟು ಹೊತ್ತು ಸಾಮಾನ್ಯ ಬ್ರೇಕ್ ಹಿಡಿಯುತ್ತದಾದರೂ ಎಬಿಎಸ್ ಸುಮ್ಮನಿರುತ್ತದೆ, ಅದೂ ರಸ್ತೆ ಜಾರುತ್ತಿರುವ ಹೊತ್ತಿನಲ್ಲೇ.

ಎಲ್ಲ ದೀಪಗಳೂ ದೋಷವನ್ನೇ ಹೇಳುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ನೀಲಿ ಬಣ್ಣದ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ದೀಪ ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದಷ್ಟೇ ತಿಳಿಸುತ್ತದೆ. ಡೀಸೆಲ್ ಕಾರಿನಲ್ಲಿ, ಚಾಲೂ ಮಾಡುವ ಮೊದಲು ಎಂಜಿನ್‌ ಒಳಗೆ ಬಿಸಿಯಾಗುತ್ತಿದೆಯೆಂದು ತೋರಿಸುವ ಸುರುಳಿಯ ಗುರುತು ಆರುವವರೆಗೆ ಕಾದು ಎಂಜಿನ್ ಚಾಲೂ ಮಾಡಿದರೆ ಸಾಕು. ಹಲವು ಕಾರುಗಳಲ್ಲಿ 3 ಅಥವಾ 4 ಡಿಗ್ರಿಯಲ್ಲೇ ಮೂಡುವ ಹಿಮಹರಳಿನ ಚಿಹ್ನೆ ತೋರಿಸುವುದು ಗಾಳಿಯ ಉಷ್ಣಾಂಶವನ್ನು, ರಸ್ತೆಯದನ್ನಲ್ಲ; ಸೇತುವೆಯ ಮೇಲ್ಮೈ ಆಗಲೇ ಹೆಪ್ಪುಗಟ್ಟಿರಬಹುದು. ಆಯಿಲ್ ಒತ್ತಡದ ಕೆಂಪು ದೀಪ ಮಾತ್ರ ಎಂಜಿನ್ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಆರದಿದ್ದರೆ, ಚಳಿಯ ನೆಪ ಹೇಳದೆ ಕೂಡಲೇ ಎಂಜಿನ್ ನಿಲ್ಲಿಸಬೇಕು.

ಗ್ಯಾರೇಜಿನವರಲ್ಲಿಯೂ ಒಂದು ವಿನಂತಿಯಿದೆ. ಬೆಳಗಿನ ದೀಪದ ದೂರು ಹೊತ್ತು ತಂದ ನನ್ನ ಕಾರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಯಾಗಿತ್ತು, ದೀಪ ಆರಿತ್ತು. ‘ಏನೂ ತೊಂದರೆಯಿಲ್ಲ’ ಎಂದು ಹಿಂದಕ್ಕೆ ಕಳುಹಿಸಿದರು. ಇಂಥ ಕಾರನ್ನು ಒಂದು ರಾತ್ರಿ ಹೊರಗೆ ನಿಲ್ಲಿಸಿಕೊಂಡು, ಬೆಳಿಗ್ಗೆ ತಣ್ಣಗಿರುವಾಗಲೇ ಪರೀಕ್ಷಿಸಿ ಆಮೇಲೆ ಆ ಮಾತು ಹೇಳಲಿ.

ಇತಿ,
ಒಬ್ಬ ಕಾರು ಚಾಲಕ