ಒಂದು ಕಂಪ್ಯೂಟರ್‌ನಲ್ಲಿ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಹೊಸ ಫೋನು, ಹೊಸ ಆ್ಯಪ್‌ಗಳ ಪರಿಚಯಕ್ಕೆ ಸಿಗುವಷ್ಟು ಜಾಗ, ಮನೆಯಲ್ಲಿ ಈಗಾಗಲೇ ಇರುವ ಮೂರು ನಾಲ್ಕು ಕಂಪ್ಯೂಟರ್‌ಗಳ ಫೈಲ್‌ಗಳನ್ನು ಜೋಪಾನ ಮಾಡುವ ವಿಷಯಕ್ಕೆ ಸಿಗುತ್ತಿಲ್ಲ. ಕಚೇರಿ ಕೆಲಸದ ಲ್ಯಾಪ್‌ಟಾಪ್, ಮಕ್ಕಳ ಓದಿನ ಲ್ಯಾಪ್‌ಟಾಪ್, ಹಳೆಯದೊಂದು ಡೆಸ್ಕ್‌ಟಾಪ್, ಇವೆಲ್ಲವನ್ನೂ ಒಂದೇ ಕ್ಲೌಡ್ ಖಾತೆಗೆ (ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ನಲ್ಲಿ, ಅಂದರೆ ದೂರದ ಕಂಪ್ಯೂಟರ್‌ನಲ್ಲಿ, ಫೈಲ್ ಇಡುವ ಖಾತೆಗೆ) ಜೋಡಿಸಿಕೊಂಡಿರುವ ಮನೆಗಳು ಈಗ ಅಪರೂಪವಲ್ಲ. ಅಂಥ ಮನೆಗಳಲ್ಲಿ ಫೋಟೊಗಳೂ ದಾಖಲೆಗಳೂ ಕೈತಪ್ಪಲು ಡಿಸ್ಕ್ ಕೆಡಲೇಬೇಕೆಂದಿಲ್ಲ. ಡಿಸ್ಕ್ ತುಂಬಿದೆಯೆಂದು ಯಾರೋ ಒಬ್ಬರು ಜಾಗ ಮಾಡಿಕೊಳ್ಳಲು ಹೊರಟರೂ ಸಾಕು. ಈ ಬಗ್ಗೆ ಓದುಗರ ಗಮನ ಸೆಳೆಯುವುದು ಈ ಪತ್ರದ ಉದ್ದೇಶ.

ಕ್ಲೌಡ್‌ನಲ್ಲಿ ನಮ್ಮ ಫೈಲ್‌ಗಳ ಪ್ರತ್ಯೇಕ ಪ್ರತಿಯೊಂದು ಭದ್ರವಾಗಿ ಕುಳಿತಿರುತ್ತದೆ, ಆದ್ದರಿಂದ ಇಲ್ಲಿ ಅಳಿಸಿದರೂ ಅಲ್ಲಿ ಉಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಿಂಕ್ ತಂತ್ರಾಂಶ ಮಾಡುವ ಕೆಲಸವೇ ಬೇರೆ. ಖಾತೆಗೆ ಸೇರಿದ ಎಲ್ಲ ಕಂಪ್ಯೂಟರ್‌ಗಳಲ್ಲಿಯೂ ಸರ್ವರ್‌ನಲ್ಲಿಯೂ ಫೋಲ್ಡರ್ ಒಂದೇ ಸ್ಥಿತಿಯಲ್ಲಿರುವಂತೆ ಅದು ನೋಡಿಕೊಳ್ಳುತ್ತದೆ. ಒಂದು ಕಡೆ ಸೇರಿಸಿದ್ದು ಎಲ್ಲ ಕಡೆ ಸೇರುತ್ತದೆ, ಒಂದು ಕಡೆ ತಿದ್ದಿದ್ದು ಎಲ್ಲ ಕಡೆ ತಿದ್ದಿಕೊಳ್ಳುತ್ತದೆ, ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ. ಅಳಿಸಿದವರ ಮನಸ್ಸಿನಲ್ಲಿದ್ದುದು ‘ಈ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬೇಡ’ ಎಂಬುದೋ ‘ಇನ್ನು ಇದು ಬೇಡವೇ ಬೇಡ’ ಎಂಬುದೋ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ರ್‍ಯಾನ್ಸಮ್‌ವೇರ್ (ಹಣಕ್ಕಾಗಿ ಫೈಲ್‌ಗಳನ್ನು ಒತ್ತೆಯಿಡುವ ಕುತಂತ್ರಾಂಶ) ಹೊಕ್ಕು ಫೈಲ್‌ಗಳನ್ನು ಗೂಢಲಿಪಿಗೆ ತಿರುಗಿಸಿದರೆ ಅದೂ ಒಂದು ಬದಲಾವಣೆಯೇ ಆಗಿ, ಅಷ್ಟೇ ನಿಷ್ಠೆಯಿಂದ ಉಳಿದ ಕಂಪ್ಯೂಟರ್‌ಗಳಿಗೆ ತಲುಪುತ್ತದೆ.

ಜಾಗ ಉಳಿಸಲು ಸರಿಯಾದ ದಾರಿ ಇಲ್ಲವೆಂದಲ್ಲ. 2017ರಲ್ಲಿ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ, ವಿಂಡೋಸ್ 10ರ ಒನ್‌ಡ್ರೈವ್‌ಗೆ ‘ಫೈಲ್ಸ್ ಆನ್ ಡಿಮ್ಯಾಂಡ್’ ಸೌಲಭ್ಯ ಬಂದಿತು. ಇದರಲ್ಲಿ ಫೈಲಿನ ಹೆಸರು ಕಂಪ್ಯೂಟರ್‌ನಲ್ಲಿ ಕಾಣುತ್ತದೆ, ಒಳಗಿನ ಸರಕು ಸರ್ವರ್‌ನಲ್ಲಿರುತ್ತದೆ, ತೆರೆದಾಗ ಮಾತ್ರ ಇಳಿದು ಬರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹೆಸರಿನ ಪಕ್ಕದ ಚಿಹ್ನೆಯನ್ನು ನೋಡಿದರೆ ಇದು ತಿಳಿಯುತ್ತದೆ. ನೀಲಿ ಗೆರೆಯ ಮೋಡವಿದ್ದರೆ ಫೈಲ್ ಆನ್‌ಲೈನ್‌ನಲ್ಲಿ ಮಾತ್ರ ಇದೆ. ಬಿಳಿ ವೃತ್ತದೊಳಗೆ ಹಸಿರು ಟಿಕ್ ಇದ್ದರೆ ಸದ್ಯಕ್ಕೆ ಇಳಿದು ಬಂದಿದೆ. ಹಸಿರು ತುಂಬಿದ ವೃತ್ತದೊಳಗೆ ಬಿಳಿ ಟಿಕ್ ಇದ್ದರೆ ಈ ಕಂಪ್ಯೂಟರ್‌ನಲ್ಲಿ ಸದಾ ಉಳಿಯುತ್ತದೆ. ಮೋಡದ ಚಿಹ್ನೆಯಿರುವ ವಿಡಿಯೊ ಒಂದರ ‘ಪ್ರಾಪರ್ಟೀಸ್’ ತೆರೆದರೆ ‘ಸೈಜ್’ ಎಂಬಲ್ಲಿ ಪೂರ್ತಿ ಗಾತ್ರವೂ ‘ಸೈಜ್ ಆನ್ ಡಿಸ್ಕ್’ ಎಂಬಲ್ಲಿ ಸೊನ್ನೆಯೂ ಕಾಣುತ್ತವೆ.

ನನಗೆ ಕಳವಳ ಹುಟ್ಟಿಸುವುದು ರೈಟ್ ಕ್ಲಿಕ್ ಮಾಡಿದಾಗ ತೆರೆಯುವ ಪಟ್ಟಿ. ‘ಫ್ರೀ ಅಪ್ ಸ್ಪೇಸ್’ ಮತ್ತು ‘ಡಿಲೀಟ್’ ಎರಡೂ ಅಲ್ಲೇ ಸಿಗುತ್ತವೆ, ಯಾವುದನ್ನು ಒತ್ತಿದರೂ ಡಿಸ್ಕ್‌ನಲ್ಲಿ ಜಾಗ ಸಿಗುವಂತೆ ಕಾಣುತ್ತದೆ. ಮೊದಲನೆಯದು ಈ ಕಂಪ್ಯೂಟರ್‌ನ ಪ್ರತಿಯನ್ನಷ್ಟೇ ತೆಗೆದು ಹೆಸರನ್ನು ಉಳಿಸಿಕೊಳ್ಳುತ್ತದೆ. ಎರಡನೆಯದು ಮನೆಯ ಎಲ್ಲ ಕಂಪ್ಯೂಟರ್‌ಗಳಿಂದಲೂ ಸರ್ವರ್‌ನಿಂದಲೂ ಅಳಿಸುತ್ತದೆ. ಹೀಗೆ ಅಳಿಸಿದ್ದು ಆನ್‌ಲೈನ್‌ನಲ್ಲಿ ಮಾತ್ರ ಇದ್ದ ಫೈಲ್ ಆಗಿದ್ದರೆ ಕಂಪ್ಯೂಟರ್‌ನ ರೀಸೈಕಲ್ ಬಿನ್‌ನಲ್ಲಿ ಅದು ಸಿಗುವುದಿಲ್ಲ. ಬ್ರೌಸರ್‌ನಲ್ಲಿ ಒನ್‌ಡ್ರೈವ್ ತೆರೆದು ಅಲ್ಲಿನ ರೀಸೈಕಲ್ ಬಿನ್‌ನಿಂದಲೇ ಮರಳಿ ಪಡೆಯಬೇಕು. ವೈಯಕ್ತಿಕ ಖಾತೆಗಳಲ್ಲಿ ಅದಕ್ಕಿರುವ ಕಾಲಾವಕಾಶ 30 ದಿನ. ಗೂಗಲ್ ಡ್ರೈವ್‌ನ ಟ್ರ್ಯಾಷ್‌ನಲ್ಲಿಯೂ ಅಳಿಸಿದ ಫೈಲ್ ಉಳಿಯುವುದು 30 ದಿನ ಮಾತ್ರ. ವರ್ಷಕ್ಕೊಮ್ಮೆ ಹುಡುಕುವ ಹಳೆಯ ಫೋಟೊ ಕಾಣೆಯಾಗಿರುವುದು ಗಮನಕ್ಕೆ ಬರುವ ಹೊತ್ತಿಗೆ ಆ ಅವಧಿ ಎಂದೋ ಮುಗಿದಿರುತ್ತದೆ.

ಗೂಗಲ್ ಡ್ರೈವ್‌ನಲ್ಲಿ ಇದೇ ಆಯ್ಕೆಗೆ ‘ಸ್ಟ್ರೀಮ್’ (ಬೇಕಾದಾಗ ಇಳಿಸಿಕೊಳ್ಳುವುದು) ಮತ್ತು ‘ಮಿರರ್’ (ಪೂರ್ತಿ ಇಳಿಸಿಡುವುದು) ಎಂಬ ಹೆಸರುಗಳಿವೆ, ಮ್ಯಾಕ್‌ನಲ್ಲಿ ‘ಆಪ್ಟಿಮೈಸ್ ಮ್ಯಾಕ್ ಸ್ಟೋರೇಜ್’ ಎಂಬ ಗುರುತು ಇದೆ. ಹೆಸರು ಏನೇ ಇರಲಿ, ಯಾವ ಕಂಪ್ಯೂಟರ್‌ನಲ್ಲಿ ಪೂರ್ತಿ ಫೈಲ್‌ಗಳಿವೆ, ಯಾವುದರಲ್ಲಿ ಹೆಸರುಗಳಷ್ಟೇ ಇವೆ ಎಂಬುದು ಮನೆಯವರಿಗೆಲ್ಲ ಗೊತ್ತಿರಬೇಕು.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮನೆಯಲ್ಲಿ ಎಷ್ಟೇ ಕಂಪ್ಯೂಟರ್‌ಗಳಿರಲಿ, ದೊಡ್ಡ ಡಿಸ್ಕ್ ಇರುವ ಒಂದನ್ನು ಆರಿಸಿ, ಎಲ್ಲ ಫೈಲ್‌ಗಳೂ ಅದರಲ್ಲಿ ಪೂರ್ತಿಯಾಗಿ ಇಳಿದಿರುವಂತೆ ಮಾಡಬೇಕು. ಒನ್‌ಡ್ರೈವ್‌ನಲ್ಲಿ ಇದಕ್ಕೆ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬ ಆಯ್ಕೆಯಿದೆ. ಉಳಿದ ಲ್ಯಾಪ್‌ಟಾಪ್‌ಗಳಲ್ಲಿ ಬೇಕಾದಾಗ ಮಾತ್ರ ಇಳಿಸಿಕೊಳ್ಳುವ ವ್ಯವಸ್ಥೆ ಸಾಕು. ಆ ದೊಡ್ಡ ಕಂಪ್ಯೂಟರ್‌ಗೆ ಆಗಾಗ ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಿ, ಎಲ್ಲವನ್ನೂ ಪ್ರತಿ ಮಾಡಿ, ಮತ್ತೆ ಬಿಚ್ಚಿಡಬೇಕು. ಬಿಚ್ಚಿಟ್ಟ ಡಿಸ್ಕ್‌ಗೆ ಅಳಿಸುವಿಕೆಯೂ ತಲುಪುವುದಿಲ್ಲ, ರ್‍ಯಾನ್ಸಮ್‌ವೇರೂ ತಲುಪುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ ಎಂದು ತಿಳಿದವರು ಹೇಳುವ 3-2-1 ನಿಯಮವೂ ಇದರಿಂದ ಪಾಲನೆಯಾಗುತ್ತದೆ, ಏಕೆಂದರೆ ಮನೆಯ ಹೊರಗಿನ ಪ್ರತಿ ಕ್ಲೌಡ್‌ನಲ್ಲಿ ಇದ್ದೇ ಇದೆ.

ಪೂರ್ತಿ ಇಳಿಸಿಕೊಂಡ ಕಂಪ್ಯೂಟರೇ ಏಕೆ ಬೇಕೆಂದರೆ, ಹೆಸರುಗಳಷ್ಟೇ ಇರುವ ಲ್ಯಾಪ್‌ಟಾಪ್‌ಗೆ ಹಾರ್ಡ್ ಡಿಸ್ಕ್ ಜೋಡಿಸಿ ಬ್ಯಾಕಪ್ ತೆಗೆಯಹೊರಟರೆ ತೊಡಕಾಗುತ್ತದೆ. ಪ್ರತಿ ಮಾಡುವ ಒಂದೊಂದು ಫೈಲೂ ಮೊದಲು ಇಂಟರ್‌ನೆಟ್‌ನಿಂದ ಇಳಿಯಬೇಕಾಗಿ, ಮೊದಲೇ ಇಕ್ಕಟ್ಟಾಗಿದ್ದ ಡಿಸ್ಕ್ ನಡುವೆಯೇ ತುಂಬಿ ನಿಲ್ಲಬಹುದು. ಕೆಲವು ಬ್ಯಾಕಪ್ ತಂತ್ರಾಂಶಗಳು ಇಳಿಯದ ಫೈಲ್‌ಗಳನ್ನು ಬಿಟ್ಟೇ ಮುಂದೆ ಹೋಗುತ್ತವೆ. ಕೆಲಸ ಮುಗಿಯಿತೆಂಬ ಸೂಚನೆ ಪರದೆಯ ಮೇಲೆ ಬಂದಿರುತ್ತದೆ, ಡಿಸ್ಕ್‌ನಲ್ಲಿ ಫೋಟೊಗಳೇ ಇರುವುದಿಲ್ಲ. ಬ್ಯಾಕಪ್ ಆದ ಮೇಲೆ ಇಂಟರ್‌ನೆಟ್ ತಪ್ಪಿಸಿ, ಆ ಡಿಸ್ಕ್‌ನಿಂದಲೇ ನಾಲ್ಕಾರು ಫೈಲ್‌ಗಳನ್ನು ತೆರೆದು ನೋಡುವುದಕ್ಕಿಂತ ನಂಬಿಕಸ್ಥ ಪರೀಕ್ಷೆ ಇನ್ನೊಂದಿಲ್ಲ.

ಉಚಿತ ಜಾಗದ ಲೆಕ್ಕವೂ ಗೊಂದಲಕ್ಕೆ ಕಾರಣವಾಗುತ್ತಿದೆ. ಗೂಗಲ್ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಒನ್‌ಡ್ರೈವ್ ಮತ್ತು ಐಕ್ಲೌಡ್ ಕೊಡುವುದು 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಒಂದು ತುಂಬಿದಾಗ ಇನ್ನೊಂದನ್ನು ಸೇರಿಸಿಕೊಳ್ಳುತ್ತ ಹೋಗುವವರು, ಒಂದು ಸೇವೆಯ ಫೋಲ್ಡರ್‌ನ ಒಳಗೆ ಇನ್ನೊಂದು ಸೇವೆಯ ಫೋಲ್ಡರ್ ಇಡುವುದನ್ನು ಖಂಡಿತ ತಪ್ಪಿಸಬೇಕು. ಎರಡು ತಂತ್ರಾಂಶಗಳು ಒಂದೇ ಫೈಲನ್ನು ಹಿಡಿದೆಳೆದರೆ ನಕಲುಗಳು ಹುಟ್ಟಿಕೊಳ್ಳುತ್ತವೆ. ಇಂಟರ್‌ನೆಟ್ ಇಲ್ಲದಾಗ ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಫೈಲನ್ನು ತಿದ್ದಿದಾಗಲೂ ಹೀಗೆಯೇ ಹೆಸರಿನ ಕೊನೆಗೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂದೋ ಕಂಪ್ಯೂಟರ್‌ನ ಹೆಸರೋ ಸೇರಿದ ಇನ್ನೊಂದು ಪ್ರತಿ ಉಳಿಯುತ್ತದೆ. ಅದನ್ನು ಕಸವೆಂದು ಅಳಿಸುವ ಮೊದಲು ತೆರೆದು ಹೋಲಿಸಬೇಕು. ಹೊಸ ತಿದ್ದುಪಡಿ ಅದರಲ್ಲೇ ಇರಬಹುದು. 

ಸೇವೆ ಒದಗಿಸುವ ಕಂಪನಿಗಳೂ ತಮ್ಮ ಹೊಣೆಯನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಕ್ಲೌಡ್‌ಗೆ ಸೇರಿಸುವ ಸೌಲಭ್ಯಕ್ಕೆ ಒನ್‌ಡ್ರೈವ್‌ನಲ್ಲಿ ‘ಬ್ಯಾಕಪ್’ ಎಂದೇ ಹೆಸರಿಟ್ಟಿದ್ದಾರೆ, ಅದು ನಡೆದುಕೊಳ್ಳುವುದು ಸಿಂಕ್‌ನಂತೆ. ಜನ ಹೆಸರನ್ನು ನಂಬಿ ನಡೆಯುವುದು ಸಹಜ. ಅಳಿಸುವ ಗುಂಡಿ ಒತ್ತಿದಾಗಲೆಲ್ಲ, ಈ ಫೈಲ್ ಇನ್ನು ಯಾವ ಯಾವ ಕಂಪ್ಯೂಟರ್‌ಗಳಿಂದ ಹೋಗುತ್ತದೆ ಎಂಬುದನ್ನು ಬಳಕೆದಾರರ ಭಾಷೆಯಲ್ಲಿ ಹೇಳಿ, ‘ಇಲ್ಲಿ ಮಾತ್ರ ತೆಗೆಯಲೇ?’ ಎಂದು ಕೇಳುವುದು ಅವರಿಗೆ ಕಷ್ಟದ ಕೆಲಸವೇನಲ್ಲ.

ಹಳೆಯ ಕಂಪ್ಯೂಟರ್ ಮಾರುವವರು, ಬೇರೆಯವರಿಗೆ ಕೊಡುವವರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಖಾತೆಗೆ ಜೋಡಣೆಯಾಗಿರುವಾಗಲೇ ಫೋಲ್ಡರ್ ಖಾಲಿ ಮಾಡಿದರೆ ಮನೆಯಲ್ಲಿ ಉಳಿದ ಕಂಪ್ಯೂಟರ್‌ಗಳೂ ಖಾಲಿಯಾಗುತ್ತವೆ. ಮೊದಲು ಬ್ರೌಸರ್‌ನಲ್ಲಿ ಖಾತೆ ತೆರೆದು ಎಲ್ಲ ಫೈಲ್‌ಗಳೂ ಮೇಲೇರಿವೆಯೇ ಎಂದು ನೋಡಬೇಕು, ಬಳಿಕ ಆ ಕಂಪ್ಯೂಟರನ್ನು ಖಾತೆಯಿಂದ ‘ಅನ್‌ಲಿಂಕ್’ ಮಾಡಬೇಕು, ಅಳಿಸುವುದು ಅದಾದ ಮೇಲೆ. ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈ ಕ್ರಮವನ್ನು ಚಿತ್ರಸಹಿತ ವಿವರಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ